ಕುವೆಂಪು ಜೊತೆ ಜ್ಞಾನಪೀಠ ಹಂಚಿಕೊಂಡ ಉಮಾಶಂಕರ ಜೋಶಿ ಯಾರು?

ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವ ಅಕ್ಕನ ಮಗಳು ಮೊನ್ನೆ ಗೈಡಿನಿಂದ ತಲೆಯೆತ್ತಿ ಕೇಳಿದಳು: "ಮಾವ, 1967ರ ಜ್ಞಾನಪೀಠ ಕುವೆಂಪು ಒಬ್ಬರಿಗೇ ಬಂದಿದ್ದಲ್ವಂತೆ. ಉಮಾಶಂಕರ ಜೋಶಿ ಅಂತ ಇನ್ನೊಬ್ಬರ ಹೆಸರಿದೆ. ಯಾರವರು?"

"ಗುಜರಾತಿ ಕವಿ. ಕೃತಿ ‘ನಿಶೀಥ’" ಅಂದೆ.

"ಅಷ್ಟು ಇಲ್ಲೇ ಬರೆದಿದೆ. ಏನು ಬರೆದಿದ್ದಾರೆ ಅವರು, ಎಂಥವರು ಅಂತ ಕೇಳಿದ್ದು."

ಅದಕ್ಕೆ ಉತ್ತರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ಗುಜರಾತಿ ಬಾರದವರಿಗೆ, ಆ ಸಾಹಿತ್ಯದ ಹಿನ್ನೆಲೆ ಗೊತ್ತಿಲ್ಲದವರಿಗೆ ಮೊದಲಿನಿಂದ ಹೇಳಬೇಕು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆಯುತ್ತಿದ್ದೇನೆ.

ಹಂಚಿಕೊಂಡಿದ್ದು ಹೇಗೆ?

ಮೊದಲ ಜ್ಞಾನಪೀಠ ಪ್ರಶಸ್ತಿ 1965ರದ್ದು. ಅದು ಬಂದದ್ದು ಮಲಯಾಳಂನ ಜಿ. ಶಂಕರ ಕುರುಪ್ ಅವರಿಗೆ, ಎರಡನೆಯದು ಬಂಗಾಳಿಯ ತಾರಾಶಂಕರ ಬಂದೋಪಾಧ್ಯಾಯರಿಗೆ. ಮೂರನೆಯ ವರ್ಷ ಮೊದಲ ಬಾರಿಗೆ ಇಬ್ಬರ ಹೆಸರು ಒಟ್ಟಿಗೆ ಬಂತು. ಈಗ ಈ ಪ್ರಶಸ್ತಿಯನ್ನು ಲೇಖಕರ ಒಟ್ಟು ಸಾಧನೆಗೆ ಕೊಡುತ್ತಾರೆ. ಆಗ ಒಂದು ನಿರ್ದಿಷ್ಟ ಕೃತಿಗೆ ಕೊಡುತ್ತಿದ್ದರು. ಹಾಗಾಗಿ 1949ರ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದ ಪಕ್ಕದಲ್ಲಿ 1939ರ ‘ನಿಶೀಥ’ ಎಂಬ ಕವನ ಸಂಕಲನ ಬಂದು ಕೂತಿತು. ಪ್ರಶಸ್ತಿಯ ಮೊತ್ತ ಆಗ ಒಂದು ಲಕ್ಷ ರೂಪಾಯಿ.

ಕನ್ನಡಕ್ಕೂ ಅದೇ ಮೊದಲ ಜ್ಞಾನಪೀಠ, ಗುಜರಾತಿಗೂ ಅದೇ ಮೊದಲು. ನಮಗೆ ಕುವೆಂಪು ಹೇಗೋ ಅವರಿಗೆ ಉಮಾಶಂಕರ ಹಾಗೆ. ಶಾಲೆಯ ಪದ್ಯಪುಸ್ತಕ ಓದಿದ ಯಾವ ಗುಜರಾತಿಯನ್ನು ಕೇಳಿದರೂ ಅವರ ನಾಲ್ಕು ಸಾಲು ಬಾಯಿಗೆ ಬರುತ್ತದೆ.

ಗುಡ್ಡದ ಊರಿನ ಹುಡುಗ

1911ರ ಜುಲೈ 21ರಂದು, ಉತ್ತರ ಗುಜರಾತಿನ ಈಡರ್ ಸಂಸ್ಥಾನಕ್ಕೆ ಸೇರಿದ್ದ ಬಾಮಣಾ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಗುಜರಾತ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಸಮುದ್ರ, ಉಪ್ಪಿನ ಬಯಲು, ಹತ್ತಿಹೊಲ ಕಣ್ಣಿಗೆ ಬರುತ್ತದೆ. ಬಾಮಣಾ ಇರುವುದು ಅರಾವಳಿ ಗುಡ್ಡಗಳ ಸೆರಗಿನಲ್ಲಿ. ತಂದೆ ಜೇಠಾಲಾಲ್ ಸುತ್ತಲಿನ ಚಿಕ್ಕಪುಟ್ಟ ಜಹಗೀರುಗಳ ಕಾರಭಾರಿ, ತಾಯಿ ನವಲಬಾಯಿ. ಮನೆ ತುಂಬ ಮಕ್ಕಳು.

ಅವರ ಅತ್ಯಂತ ಜನಪ್ರಿಯ ಗೀತೆಯೊಂದು ಈ ಗುಡ್ಡಗಳದ್ದೇ. ‘ದಾರಿ ತೋರಿಸುವವನಿಲ್ಲದೆ ನಾನು ಗುಡ್ಡ ಸುತ್ತಬೇಕಿತ್ತು, ಕಾಡಿನ ಒಂದೊಂದು ಪೊದೆಯನ್ನೂ ನೋಡಬೇಕಿತ್ತು’ ಎಂದು ಅದು ಶುರುವಾಗುತ್ತದೆ. ದಾರಿ ತೋರಿಸುವವನಿಗೆ ಮೂಲದಲ್ಲಿರುವ ಪದ ‘ಭೋಮಿಯೋ’, ಅಂದರೆ ಆ ಸೀಮೆಯ ಹಾದಿ ಬಲ್ಲ ಆಳು. ನಮ್ಮ ಮಲೆನಾಡಿನಲ್ಲಿ ಪರಸ್ಥಳದವರು ಕಾಡಿಗೆ ಹೊರಟರೆ ಜೊತೆಗೊಬ್ಬನನ್ನು ಕಳಿಸುತ್ತಾರಲ್ಲ, ಅಂಥವನು. ಅವನೂ ಬೇಡ ಎನ್ನುವುದು ಈ ಹಾಡಿನ ಹಟ.

ಈಡರಿನ ಶಾಲೆಯಲ್ಲಿ ಅವರ ಜೊತೆ ಓದಿದ ಇನ್ನೊಬ್ಬ ಹುಡುಗ ಪನ್ನಾಲಾಲ್ ಪಟೇಲ್. ಬಡತನಕ್ಕೆ ಓದು ಬಿಟ್ಟು ಕೂಲಿನಾಲಿ ಮಾಡಿದವರು. ಮುಂದೆ ಅಹಮದಾಬಾದಿನಲ್ಲಿ ಮತ್ತೆ ಸಿಕ್ಕಾಗ ಉಮಾಶಂಕರರೇ ಪನ್ನಾಲಾಲರನ್ನು ಬರವಣಿಗೆಗೆ ಹಚ್ಚಿದರು. 1985ರ ಜ್ಞಾನಪೀಠ ಪನ್ನಾಲಾಲರಿಗೆ ಬಂತು. ಒಂದೇ ಶಾಲೆಯ ಬೆಂಚಿನಿಂದ ಇಬ್ಬರು! ಈ ಪ್ರಶ್ನೆ ಯಾಕೆ ಯಾವ ಗೈಡಿನಲ್ಲೂ ಇಲ್ಲವೋ.

1928ರಲ್ಲಿ ಮೆಟ್ರಿಕ್ ಮುಗಿಸಿ ಅಹಮದಾಬಾದಿನ ಗುಜರಾತ್ ಕಾಲೇಜು ಸೇರಿದರು. ಅದೇ ವರ್ಷದ ಶರದ್ ಹುಣ್ಣಿಮೆಗೆ ಅಬು ಪರ್ವತದ ನಖೀ ಸರೋವರದ ಬಳಿ ಇದ್ದರು. ಆ ರಾತ್ರಿಯ ಮೇಲೆ ಬರೆದ ಪದ್ಯದ ಕೊನೆಯಲ್ಲಿ ಒಂದು ಮಾತು ಬರುತ್ತದೆ: ಸೌಂದರ್ಯಗಳನ್ನು ಕುಡಿ, ಎದೆಯ ಝರಿ ಆಮೇಲೆ ತಾನಾಗಿ ಹಾಡುತ್ತದೆ. ಬರೆದವನಿಗೆ ಹದಿನೇಳು ವರ್ಷ.

ಗಾಂಧಿಯುಗ ಎಂದರೆ

ಉಮಾಶಂಕರರ ಬಗ್ಗೆ ಯಾವ ಪುಸ್ತಕ ತೆರೆದರೂ ‘ಗಾಂಧಿಯುಗದ ಕವಿ’ ಎಂಬ ಮಾತು ಸಿಗುತ್ತದೆ. ಗುಜರಾತಿ ಸಾಹಿತ್ಯ ಚರಿತ್ರೆಯನ್ನು ಅವರು ಯುಗಗಳಾಗಿ ಹೆಸರಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುವೆ ಕವಿ ನರ್ಮದನಂಥವರ ಸುಧಾರಕ ಯುಗ, ಆಮೇಲೆ ಸಂಸ್ಕೃತ-ಇಂಗ್ಲಿಷ್ ಎರಡನ್ನೂ ಅರೆದು ಕುಡಿದವರ ಪಂಡಿತ ಯುಗ, ಅದರ ನಂತರ ಗಾಂಧಿಯುಗ. ನಮ್ಮ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ನವೋದಯದ ಕಾಲ.

ಗಾಂಧೀಜಿ 1915ರಲ್ಲಿ ಬಂದು ಅಹಮದಾಬಾದಿನಲ್ಲಿ ನೆಲೆ ನಿಂತರು. ಬರೆಯುತ್ತಿದ್ದುದು ಗುಜರಾತಿಯಲ್ಲಿ, ಅದೂ ಸಾಣೆ ಹಿಡಿದಂಥ ಸರಳ ಗುಜರಾತಿಯಲ್ಲಿ. ಸಾಹಿತಿಗಳ ಮುಂದೆ ಅವರು ಇಟ್ಟ ಬೇಡಿಕೆ ಇವತ್ತಿಗೂ ಅಲ್ಲಿ ಗಾದೆಯಂತೆ ಓಡಾಡುತ್ತದೆ: ‘ಕೋಸಿಯೋ’ಗೂ ಅರ್ಥವಾಗುವಂತೆ ಬರೆಯಿರಿ. ಕೋಸ್ ಅಂದರೆ ಬಾವಿಯಿಂದ ಎತ್ತು ಕಟ್ಟಿ ನೀರೆತ್ತುವ ತೊಗಲಿನ ಚೀಲ. ಅದನ್ನು ನಡೆಸುವವನು ಕೋಸಿಯೋ. ನಮ್ಮ ಹಳೇ ಮೈಸೂರಿನಲ್ಲಿ ಹೇಳುವುದಾದರೆ ಕಪಿಲೆ ಹೊಡೆಯುವವನು. ಪಂಡಿತರಿಗೆ ಬರೆಯುತ್ತಿದ್ದ ಭಾಷೆಯನ್ನು ಕಪಿಲೆ ಹೊಡೆಯುವವನ ಕಡೆಗೆ ತಿರುಗಿಸಿದ ಪೀಳಿಗೆಯನ್ನು ಗಾಂಧಿಯುಗದವರು ಎನ್ನುತ್ತಾರೆ. ಉಮಾಶಂಕರ, ಸುಂದರಂ, ಝವೇರಚಂದ ಮೇಘಾಣಿ ಆ ಸಾಲಿನವರು.

ಉಮಾಶಂಕರರ ಪಾಲಿಗೆ ಗಾಂಧಿ ಬರೀ ಓದಿನ ವಿಷಯವಾಗಿರಲಿಲ್ಲ. 1930ರಲ್ಲಿ ಕಾಲೇಜು ಬಿಟ್ಟು ವೀರಮಗಾಮದ ಸತ್ಯಾಗ್ರಹ ಶಿಬಿರ ಸೇರಿದರು, ಬಂಧನವಾಯಿತು, ಸಾಬರಮತಿ ಮತ್ತು ಯೆರವಾಡ ಜೈಲು ಕಂಡರು. 1932ರಲ್ಲಿ ಮತ್ತೊಮ್ಮೆ ಜೈಲು. ಬಿ.ಎ. ಮುಗಿಸಿದ್ದು ಮುಂಬೈನಲ್ಲಿ, 1936ಕ್ಕೆ, ಅರ್ಥಶಾಸ್ತ್ರ ಮತ್ತು ಇತಿಹಾಸ ಓದಿ.

‘ವಿಶ್ವಮಾನವ’ ಪದ ಅಲ್ಲೂ ಇತ್ತು

ಎರಡು ಜೈಲುವಾಸಗಳ ನಡುವೆ, 1931ರಲ್ಲಿ, ಅವರ ಮೊದಲ ಪುಸ್ತಕ ‘ವಿಶ್ವಶಾಂತಿ’ ಬಂತು. ಇದು ಖಂಡಕಾವ್ಯ, ಅಂದರೆ ಮಹಾಕಾವ್ಯದಷ್ಟು ದೊಡ್ಡದಲ್ಲದ, ಬಿಡಿ ಪದ್ಯದಷ್ಟು ಚಿಕ್ಕದೂ ಅಲ್ಲದ ಕಾವ್ಯ. ಕವಿಗೆ ಇಪ್ಪತ್ತರ ಆಸುಪಾಸು. ಗಾಂಧಿಯ ಹೆಸರೆತ್ತಿ ಜೈಕಾರ ಹಾಕುವ ಪದ್ಯಗಳು ಆಗ ಬೀದಿಗೊಂದು ಹುಟ್ಟುತ್ತಿದ್ದವು. ಈ ಹುಡುಗ ಗಾಂಧಿಯ ಮಾತನ್ನು ಹಿಡಿದುಕೊಂಡು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಈ ವಿಶಾಲ ಜಗತ್ತಿನಲ್ಲಿ ಮನುಷ್ಯನೊಬ್ಬನೇ ಇಲ್ಲ, ಪಶುಗಳಿವೆ, ಹಕ್ಕಿಗಳಿವೆ, ಹೂಗಳಿವೆ, ಕಾಡಿನ ಗಿಡಮರಗಳಿವೆ ಎಂಬ ಸಾಲುಗಳು ಅಲ್ಲಿವೆ. ಮನುಷ್ಯ ಮನುಷ್ಯನನ್ನು ಕೊಲ್ಲದಿದ್ದರೆ ಸಾಲದು, ಶಾಂತಿ ಎಲ್ಲಕ್ಕೂ ಸಿಗಬೇಕು ಎನ್ನುವ ವಾದ. ಪರಿಸರ ಎಂಬ ಪದವನ್ನು ನಾವು ಈಗಿನ ಅರ್ಥದಲ್ಲಿ ಬಳಸಲು ಶುರುಮಾಡುವುದಕ್ಕೆ ದಶಕಗಳ ಹಿಂದಿನ ಮಾತು ಇದು.

1934ರ ‘ಗಂಗೋತ್ರಿ’ ಸಂಕಲನದಲ್ಲಿ ಒಂದು ಪದ್ಯವಿದೆ. ವ್ಯಕ್ತಿಯಾಗಿರುವುದು ಅಳಿದು ನಾನು ‘ವಿಶ್ವಮಾನವಿ’ ಆಗಲಿ, ಭೂಮಿಯ ಧೂಳನ್ನು ತಲೆಯ ಮೇಲೆ ಹೊರಲಿ ಎಂದು ಅದರ ಹಾರೈಕೆ. ಗುಜರಾತಿಯಲ್ಲಿ ‘ಮಾನವಿ’ ಎಂದರೆ ಮನುಷ್ಯ. ವಿಶ್ವಮಾನವ ಎಂದೊಡನೆ ಕುಪ್ಪಳಿ ನೆನಪಾಗುವ ನಮಗೆ ಇದು ತಟ್ಟನೆ ತಡೆದು ನಿಲ್ಲಿಸುವ ಸಾಲು. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದರು ಎಂದು ತಿಳಿಯಬೇಕಾಗಿಲ್ಲ. ಇಬ್ಬರೂ ರವೀಂದ್ರರನ್ನೂ ಗಾಂಧಿಯನ್ನೂ ಉಸಿರಾಡಿದ ಕಾಲದವರು, ಇಬ್ಬರೂ ಗುಡ್ಡದ ಊರಿನವರು.

ಅದೇ ಸಂಕಲನದಲ್ಲಿ ‘ಜಠರಾಗ್ನಿ’ ಎಂಬ ಪದ್ಯವೂ ಇದೆ. ಕಟ್ಟಿ, ಮುಗಿಲು ಮುಟ್ಟುವ ಮಂದಿರಗಳನ್ನು ಕಟ್ಟಿ ಎಂದು ಆರಂಭವಾಗಿ, ಹಸಿದವರ ಹೊಟ್ಟೆಯ ಬೆಂಕಿ ಎದ್ದ ದಿನ ಅವುಗಳ ಹಾಳುಗೋಡೆಯ ಬೂದಿಯ ಕಣವೂ ಉಳಿಯುವುದಿಲ್ಲ ಎಂಬ ಎಚ್ಚರಿಕೆಗೆ ಬಂದು ನಿಲ್ಲುತ್ತದೆ. ಶಾಂತಿಯ ಕವಿ ಅಂದರೆ ಮೆತ್ತಗೆ ಮಾತಾಡುವವರು ಎಂದುಕೊಂಡವರು ಇದನ್ನೊಮ್ಮೆ ಓದಬೇಕು.

ಸೌಂದರ್ಯಲಹರಿಯ ಧಾಟಿಯಲ್ಲಿ ಒಂದು ಸಾನೆಟ್

ಈಗ ಸ್ವಲ್ಪ ಛಂದಸ್ಸು. ಹೆದರಬೇಡಿ, ‘ಯಮಾತಾರಾಜಭಾನಸಲಗಂ’ ಎಂಬ ಗಣಸೂತ್ರ ಬಾಯಿಪಾಠ ಮಾಡಿದ್ದವರಿಗೆ ಇಷ್ಟು ಸಾಕು.

ಸಾನೆಟ್ ಎಂದರೆ ಹದಿನಾಲ್ಕು ಸಾಲಿನ ಪದ್ಯ. ಕನ್ನಡದಲ್ಲಿ ಸುನೀತ ಎಂದೂ ಕರೆದರು. ಯುರೋಪಿನಿಂದ ಬಂದ ಈ ರೂಪವನ್ನು ಗುಜರಾತಿಗೆ ತಂದವರು ಬಲವಂತರಾಯ ಠಾಕೋರ್, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ. ಅವರು ಮಾಡಿದ್ದೇನೆಂದರೆ, ಪಾತ್ರೆ ಯುರೋಪಿನದು, ಅದರೊಳಗಿನ ಲಯ ಸಂಸ್ಕೃತದ ಅಕ್ಷರವೃತ್ತಗಳದ್ದು. ಎಷ್ಟನೆಯ ಅಕ್ಷರ ಗುರು, ಎಷ್ಟನೆಯದು ಲಘು ಎಂದು ಮೊದಲೇ ಗೊತ್ತುಮಾಡಿದ ಸಾಲುಗಳು. ಉಮಾಶಂಕರ ಈ ದಾರಿಯಲ್ಲಿ ನಡೆದವರು.

ನಡುವಯಸ್ಸಿನಲ್ಲಿ ಅವರು ಬರೆದ ಜೋಡಿ ಸಾನೆಟ್‌ಗಳಿವೆ, ಒಂದು ಕಳೆದ ವರ್ಷಗಳ ಮೇಲೆ, ಇನ್ನೊಂದು ಉಳಿದ ವರ್ಷಗಳ ಮೇಲೆ. ಮೊದಲನೆಯದರ ಮೊದಲ ಸಾಲನ್ನು ಕನ್ನಡ ಅಕ್ಷರದಲ್ಲಿ ಹೀಗೆ ಬರೆಯಬಹುದು:

ಗಯಾಂ ವರ್ಷೋ ತೇ ತೋ | ಖಬರ ನ ರಹೀ ಕೇಮ ಜ ಗಯಾಂ

ಕಳೆದ ವರ್ಷಗಳು ಹೇಗೆ ಕಳೆದವೆಂದೇ ತಿಳಿಯಲಿಲ್ಲ ಎಂಬುದು ಅರ್ಥ. ಮನೆಯ ಜಗಲಿಯಲ್ಲಿ ಕೂತು ಯಾರಾದರೂ ಆಡಬಹುದಾದ ಮಾತು. ಈಗ ‘ಶಿವಃ ಶಕ್ತ್ಯಾ ಯುಕ್ತೋ | ಯದಿ ಭವತಿ ಶಕ್ತಃ ಪ್ರಭವಿತುಂ’ ಎಂಬ ಸೌಂದರ್ಯಲಹರಿಯ ಮೊದಲ ಸಾಲನ್ನು ಹೇಳಿಕೊಂಡು, ಅದೇ ರಾಗದಲ್ಲಿ ಗುಜರಾತಿ ಸಾಲನ್ನು ಹೇಳಿ ನೋಡಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರುತ್ತದೆ. ಎರಡೂ ಶಿಖರಿಣೀ ವೃತ್ತ. ಹದಿನೇಳು ಅಕ್ಷರ, ಆರಕ್ಕೆ ಒಂದು ನಿಲುಗಡೆ, ಮೊದಲ ಲಘುವಿನ ಮೇಲೆ ಐದು ಗುರು ಸಾಲಾಗಿ ಏರಿ, ನಿಲುಗಡೆ ದಾಟಿದೊಡನೆ ಐದು ಲಘು ಸರಸರನೆ ಇಳಿಯುತ್ತವೆ. ಈ ಪದ್ಯದಲ್ಲಿ ಆ ಐದು ಲಘು ಬಿದ್ದಿರುವುದು ಎಲ್ಲಿ ಗೊತ್ತೆ? ‘ಖಬರ ನ ರ’ ಎಂಬಲ್ಲಿ, ಅಂದರೆ ಗೊತ್ತೇ ಆಗದೆ ಜಾರಿಹೋದದ್ದನ್ನು ಹೇಳುವ ಜಾಗದಲ್ಲೇ.

ಒಂದು ಸಣ್ಣ ತೊಡಕು ಹೇಳಿಬಿಡುತ್ತೇನೆ. ಆಡುಮಾತಿನಲ್ಲಿ ಗುಜರಾತಿಗಳು ‘ಖಬರ್’, ‘ಕೇಮ್’ ಎಂದು ಕೊನೆಯ ಅಕಾರ ನುಂಗುತ್ತಾರೆ. ಪದ್ಯ ಓದುವಾಗ ಮಾತ್ರ ಬಿಡಿಸಿ ಹೇಳಬೇಕು. ಕನ್ನಡಿಗರಿಗೆ ಆ ಕಷ್ಟವಿಲ್ಲ, ನಮ್ಮ ನಾಲಿಗೆ ಅಭ್ಯಾಸಬಲದಿಂದ ಬಿಡಿಸಿಯೇ ಓದುತ್ತದೆ.

‘ನಿಶೀಥ’ದಲ್ಲಿ ಏನಿದೆ?

ನಿಶೀಥ ಎಂದರೆ ನಡುರಾತ್ರಿ. ಸಂಕಲನಕ್ಕೆ ಹೆಸರು ಕೊಟ್ಟ ಪದ್ಯದಲ್ಲಿ ನಡುರಾತ್ರಿಯನ್ನು ನರ್ತಕನೆಂದು ಕರೆದು ಮಾತಾಡಿಸುತ್ತಾರೆ. ರುದ್ರನೂ ಹೌದು, ರಮ್ಯನೂ ಹೌದು ಎಂಬ ನರ್ತಕ. ನಕ್ಷತ್ರಗಳೆಲ್ಲ ಸೇರಿದ ದೊಡ್ಡದೊಂದು ಶಿವತಾಂಡವ. ವೇದಘೋಷದ ಲಯ ಅದರ ಬೆನ್ನಿಗಿದೆ. ಜೋರಾಗಿ ಓದಬೇಕಾದ ಪದ್ಯ, ಮನಸ್ಸಿನಲ್ಲಿ ಓದಿಕೊಂಡರೆ ಅರ್ಧ ಹೋಯಿತು.

ನನ್ನ ಮಟ್ಟಿಗೆ ಆ ಪುಸ್ತಕದ ಗಟ್ಟಿ ಭಾಗ ಬೇರೆ. ‘ಆತ್ಮಾನಾಂ ಖಂಡೇರ್’ ಎಂಬ ಹದಿನೇಳು ಸಾನೆಟ್‌ಗಳ ಮಾಲೆ. ಖಂಡೇರ್ ಎಂದರೆ ಹಂಪಿಯಲ್ಲಿ ಕಾಣುತ್ತೇವಲ್ಲ, ಹಾಗೆ ಹಾಳುಬಿದ್ದ ಕಟ್ಟಡ. ಆತ್ಮದ ಹಾಳುಗೋಡೆಗಳು. ಜಗತ್ತನ್ನು ಗೆಲ್ಲುತ್ತೇನೆಂದು ನಗರಕ್ಕೆ ಬಂದ ತರುಣನೊಬ್ಬನ ಹುಮ್ಮಸ್ಸು ಒಂದೊಂದೇ ಸಾನೆಟ್ಟಿಗೆ ಕುಸಿಯುತ್ತ ಹೋಗುತ್ತದೆ. ಕೊನೆಯಲ್ಲಿ ಅವನಿಗೆ ಸಿಗುವುದು ದೇವರೂ ಅಲ್ಲ, ಕ್ರಾಂತಿಯೂ ಅಲ್ಲ. ಯಥಾರ್ಥವೇ ಪಥ್ಯ, ಅದರಲ್ಲಿ ಅರ್ಥವಾಗುವಷ್ಟನ್ನು ಅರ್ಥಮಾಡಿಕೊಳ್ಳುವುದು ಎಂಬ ಒಂದು ಅರಿವು. ಪಥ್ಯ ಎಂಬ ಪದವನ್ನು ಗಮನಿಸಿ. ರುಚಿಯಾದದ್ದು ಎಂದಿಲ್ಲ, ಮೈಗೆ ಒಗ್ಗುವುದು ಎಂದಿದೆ. ಸ್ವಲ್ಪ ಕಾಲದ ಹಿಂದಷ್ಟೇ ವಿಶ್ವಮಾನವಿ ಆಗಹೊರಟವರು ಬರೆದದ್ದು ಇದು, 1935ರಲ್ಲಿ.

ಪದ್ಯದಲ್ಲೊಂದು ತಾಳಮದ್ದಳೆ

1944ರ ‘ಪ್ರಾಚೀನಾ’ ಮತ್ತು 1965ರ ‘ಮಹಾಪ್ರಸ್ಥಾನ’ದಲ್ಲಿ ಅವರು ಸಂವಾದಕಾವ್ಯಗಳನ್ನು ಬರೆದರು. ನಾಟಕದಂತೆ ಪಾತ್ರಗಳು ಮಾತಾಡುತ್ತವೆ, ಆದರೆ ವೇಷ, ರಂಗಸಜ್ಜು ಇಲ್ಲ, ಮಾತೇ ಎಲ್ಲ. ಕರಾವಳಿಯವರಿಗೆ ವಿವರಣೆ ಬೇಡ: ತಾಳಮದ್ದಳೆ. ಸಂಧಾನ ಮುರಿದು ಹಿಂದಿರುಗುವ ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಪ್ರಸಂಗ ‘ಪ್ರಾಚೀನಾ’ದಲ್ಲಿದೆ. ಯುದ್ಧ ಮುಗಿದ ಮರುದಿನದ, ಅಂದರೆ ಹತ್ತೊಂಬತ್ತನೆಯ ದಿನದ ಬೆಳಗೂ ಅಲ್ಲಿದೆ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ಅದನ್ನು ಓದಿದವರಿಗೆ ಕುರುಕ್ಷೇತ್ರ ದೂರದ್ದೆಂದು ಅನಿಸಿರಲಾರದು.

‘ಮಹಾಪ್ರಸ್ಥಾನ’ದಲ್ಲಿ ಮಂಥರೆಯ ಮೇಲೊಂದು ಕಾವ್ಯವಿದೆ. ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆಯನ್ನು ಮಮತೆಯ ಸುಳಿ ಎಂದು ಕಂಡದ್ದು ನಮಗೆ ಗೊತ್ತು. ಒಂದೇ ಪ್ರಶಸ್ತಿ ಪಡೆದ ಇಬ್ಬರೂ, ಊರೆಲ್ಲ ಶಪಿಸಿದ ಆ ಗೂನುಬೆನ್ನಿನ ಮುದುಕಿಯ ಒಳಗೆ ಏನಿತ್ತು ಎಂದು ಇಣುಕಿ ನೋಡಿದ್ದಾರೆ.

ಅವರ ಗದ್ಯನಾಟಕಗಳ ಬಗ್ಗೆಯೂ ಒಂದು ಮಾತು. 1936ರ ಏಕಾಂಕಗಳ ಸಂಕಲನದ ಹೆಸರು ‘ಸಾಪನಾ ಭಾರಾ’, ಹಾವಿನ ಹೊರೆಗಳು. ಮಗಳೆಂದರೆ ಹಾವಿನ ಹೊರೆ ಎಂಬುದು ಅಲ್ಲಿನ ಗಾದೆ. ನಮ್ಮಲ್ಲಿ ಮಡಿಲಿನ ಕೆಂಡ ಎನ್ನುತ್ತಾರಲ್ಲ, ಅದೇ ಕ್ರೌರ್ಯ. ಆ ಗಾದೆಯನ್ನೇ ಹೆಸರಾಗಿಟ್ಟು, ಹಳ್ಳಿಯಲ್ಲಿ ಹೆಣ್ಣಾಗಿ ಹುಟ್ಟಿದವರ ಗತಿಯನ್ನು ಅದರೊಳಗೆ ತೋರಿಸಿದರು.

‘ಛಿನ್ನಭಿನ್ನ ನಾನು’

ಕನ್ನಡ ಕಾವ್ಯದಲ್ಲಿ ನವೋದಯದಿಂದ ನವ್ಯಕ್ಕೆ ಹೊರಳುವಾಗ ಆಳುಗಳೇ ಬದಲಾದರು. ಕುವೆಂಪು, ಪುತಿನ ತಮ್ಮ ದಾರಿಯಲ್ಲೇ ಉಳಿದರು. ಅಡಿಗರು 1954ರಲ್ಲಿ ‘ಚಂಡೆಮದ್ದಳೆ’ ಬಾರಿಸಿದರು. ಗುಜರಾತಿಯಲ್ಲಿ ಆ ಕೆಲಸದ ಮೊದಲ ಏಟನ್ನು ಹಳೆಯ ಕವಿಯೇ ಹಾಕಿದರು, ಅದೂ ತನ್ನ ಮೇಲೆಯೇ. ಉಮಾಶಂಕರರನ್ನು ಆಧುನಿಕ ಕವಿ ಎನ್ನುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದು.

1956ರಲ್ಲಿ ಬರೆದ ಪದ್ಯದ ಹೆಸರೇ ‘ಛಿನ್ನಭಿನ್ನ ಛುಂ’, ಚೂರುಚೂರಾಗಿದ್ದೇನೆ. ಶಿಖರಿಣಿಯಲ್ಲಿ ಲೀಲಾಜಾಲವಾಗಿ ಬರೆಯಬಲ್ಲವರು ಇಲ್ಲಿ ವೃತ್ತವನ್ನು ಬಿಟ್ಟುಬಿಟ್ಟಿದ್ದಾರೆ. ಛಂದಸ್ಸಿಲ್ಲದ ಕವಿತೆಯಲ್ಲಿ ಮಿಡಿಯಲು ಹೆಣಗುವ ಲಯದಂತೆ ನಾನು ಎಂದು ಹೋಲಿಕೆ. ಇನ್ನೊಂದು ಹೋಲಿಕೆ ಮರೆಯಲಾಗದ್ದು: ಭಿಕ್ಷುಕನಿಗೆ ಸೇರಬೇಕಾದ ರೊಟ್ಟಿಯ ಚೂರುಗಳು ಇನ್ನೂ ಮನೆಮನೆಯಲ್ಲೇ ಬಿದ್ದಿವೆ, ಒಟ್ಟುಗೂಡಿಲ್ಲ. ಹಾಗೆ ಒಡೆದುಹೋಗಿದ್ದೇನೆ. ಪಾಶ್ಚಾತ್ಯ ನಗರದ ಒಂಟಿತನದ ಚಿತ್ರಗಳನ್ನು ಎರವಲು ತರುವುದು ಸುಲಭವಿದ್ದ ಕಾಲದಲ್ಲಿ ಅವರು ಮನೆ ಬಾಗಿಲಿಗೆ ಬರುವ ಭಿಕ್ಷುಕನನ್ನು ಕರೆದರು.

ಏನಾಗಿತ್ತು ‘ವಿಶ್ವಶಾಂತಿ’ಯಿಂದ ಇಲ್ಲಿಯವರೆಗಿನ ಇಪ್ಪತ್ತೈದು ವರ್ಷದಲ್ಲಿ? ಸ್ವಾತಂತ್ರ್ಯ ಬಂತು, ಜೊತೆಗೆ ವಿಭಜನೆ, ಗಾಂಧಿಯ ಕೊಲೆ. ಅಣುಬಾಂಬೂ ಬಿದ್ದಿತ್ತು. ‘ವಿಶ್ವ’ ಎಂಬ ಪದವನ್ನು ಇಪ್ಪತ್ತರಲ್ಲಿ ಬರೆದಷ್ಟು ಸಲೀಸಾಗಿ ಬರೆಯುವಂತಿರಲಿಲ್ಲ.

ಆದರೆ ಅವರು ಅಲ್ಲೇ ನಿಲ್ಲಲಿಲ್ಲ. 1959ರಲ್ಲಿ ‘ಶೋಧ’ ಬರೆದರು. ಹೀಗೆ ಆಗೊಂದು ಈಗೊಂದು ಎಂಬಂತೆ ಏಳು ದೀರ್ಘ ಕವಿತೆಗಳಾಗಲು ಕಾಲು ಶತಮಾನ ಹಿಡಿಯಿತು. 1981ರಲ್ಲಿ ಅವು ‘ಸಪ್ತಪದೀ’ ಎಂಬ ಹೆಸರಿನಲ್ಲಿ ಒಟ್ಟಾಗಿ ಬಂದವು. ಮದುವೆಯಲ್ಲಿ ತುಳಿಯುವ ಏಳು ಹೆಜ್ಜೆ. ಮೊದಲ ಹೆಜ್ಜೆ ‘ಛಿನ್ನಭಿನ್ನ’, ಕೊನೆಯದು ‘ಪಂಖೀಲೋಕ’, ಹಕ್ಕಿಗಳ ಲೋಕ. ‘ವಿಶ್ವಶಾಂತಿ’ಯಲ್ಲಿ ಪಟ್ಟಿಯೊಳಗೆ ಹೆಸರಷ್ಟೇ ಪಡೆದಿದ್ದ ಹಕ್ಕಿಗಳಿಗೆ ಐವತ್ತು ವರ್ಷದ ಮೇಲೆ ಇಡೀ ಕವಿತೆ ಸಿಕ್ಕಿತು.

ಕವಿತೆಯ ಆಚೆ

ಹುದ್ದೆಗಳ ಪಟ್ಟಿ ಪರೀಕ್ಷೆಗೆ ಬೇಕಾಗುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. 1966ರಿಂದ 1972ರವರೆಗೆ ಗುಜರಾತ್ ವಿಶ್ವವಿದ್ಯಾಲಯದ ಕುಲಪತಿ. 1970ರಿಂದ 1976ರವರೆಗೆ ರಾಜ್ಯಸಭೆಯ ನಾಮಕರಣ ಸದಸ್ಯ. ಸರಕಾರದ ನಾಮಕರಣದಿಂದ ಅಲ್ಲಿ ಕೂತಿದ್ದೂ ತುರ್ತುಪರಿಸ್ಥಿತಿಯನ್ನು ವಿರೋಧಿಸಿದರು. 1973ರಲ್ಲಿ ‘ಕವಿನೀ ಶ್ರದ್ಧಾ’ ಎಂಬ ವಿಮರ್ಶಾ ಗ್ರಂಥಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. 1978ರಿಂದ 1983ರವರೆಗೆ ಅದೇ ಅಕಾಡೆಮಿಯ ಅಧ್ಯಕ್ಷ. ಅವರ ನಂತರ ಆ ಕುರ್ಚಿಗೆ ಬಂದವರು ನಮ್ಮ ವಿ.ಕೃ. ಗೋಕಾಕರು.

ಇವೆಲ್ಲಕ್ಕಿಂತ ಹೆಚ್ಚು ದಿನ ಅವರು ಹೊತ್ತದ್ದು ‘ಸಂಸ್ಕೃತಿ’ ಪತ್ರಿಕೆಯನ್ನು. 1947ರಲ್ಲಿ ಶುರುಮಾಡಿ 1984ರವರೆಗೆ ನಡೆಸಿದರು. ಸಾಹಿತ್ಯ ಪತ್ರಿಕೆ ನಡೆಸಿ ಕೈಸುಟ್ಟುಕೊಂಡವರನ್ನು ಕಂಡ ಯಾರಿಗಾದರೂ ಮೂವತ್ತೇಳು ವರ್ಷ ಎಂದರೆ ಏನೆಂದು ಗೊತ್ತಾಗುತ್ತದೆ.

1981ರಲ್ಲಿ ಸಮಗ್ರ ಕವಿತೆ ಪ್ರಕಟವಾದಾಗ, ಊರಿನಿಂದ ಶಬ್ದವೊಂದನ್ನು ಹಿಡಿದು ಹೊರಟೆ, ಆ ಶಬ್ದ ನನ್ನನ್ನು ಎಲ್ಲೆಲ್ಲಿಗೆ ಕೊಂಡೊಯ್ಯಿತು ಎಂದು ಮುನ್ನುಡಿಯಲ್ಲಿ ಹಿಂತಿರುಗಿ ನೋಡಿದ್ದಾರೆ. ಅವರು ತೀರಿಕೊಂಡದ್ದು 1988ರ ಡಿಸೆಂಬರ್ 19ರಂದು, ಮುಂಬೈನಲ್ಲಿ.

ಕಂಠಪಾಠಕ್ಕೆ ಎರಡು ಸಾಲು

ಅಕ್ಕನ ಮಗಳು ಎಲ್ಲ ಕೇಳಿಸಿಕೊಂಡು, "ಒಂದು ಚಿಕ್ಕದು ಹೇಳಿ ಮಾವ, ನೆನಪಿರುವಂಥದ್ದು" ಅಂದಳು. ಗುಜರಾತಿನ ಮಕ್ಕಳಿಗೂ ಬರುವ ಪದ್ಯವನ್ನೇ ಹೇಳಿದೆ:

ತ್ರಣ ವಾನಾಂ ಮುಜನೇ ಮಳ್ಯಾಂ: ಹೈಯುಂ, ಮಸ್ತಕ, ಹಾಥ;
ಬಹು ದಈ ದೀಧುಂ ನಾಥ! ಜಾ, ಚೋಥುಂ ನಥೀ ಮಾಗವುಂ.

ಮೂರು ವಸ್ತು ನನಗೆ ದೊರೆತವು: ಎದೆ, ತಲೆ, ಕೈ. ಬೇಕಾದಷ್ಟು ಕೊಟ್ಟೆ ನಾಥ, ಹೋಗು, ನಾಲ್ಕನೆಯದನ್ನು ಬೇಡುವುದಿಲ್ಲ.

ಮಸ್ತಕ, ಬಹು, ನಾಥ ಇವು ನಮ್ಮವೂ ಹೌದು. ‘ಮಳ್ಯಾಂ’ನಲ್ಲಿರುವ ಳಕಾರ ಗುಜರಾತಿಯಲ್ಲೂ ಉಂಟು, ಹಿಂದಿಯವರಿಗೆ ಇಲ್ಲ. ಅವಳು ಎರಡು ಸಲ ಹೇಳಿಕೊಂಡಳು. ಆಮೇಲೆ ತಲೆಯೆತ್ತಿ, "ದೇವರಿಗೇ ‘ಹೋಗು’ ಅಂತಾರಾ?" ಎಂದು ಕೇಳಿದಳು.

"ಅಂತಾರೆ. ಸಲಿಗೆ."

ಗೈಡಿನ ಅಂಚಿನಲ್ಲಿ, ಕುವೆಂಪು ಹೆಸರಿನ ಕೆಳಗೆ, ಪೆನ್ಸಿಲಿನಲ್ಲಿ ‘ಜಾ’ ಎಂದು ಬರೆದುಕೊಂಡಳು.